ಸ್ಪೇನಿನಲ್ಲಿ ಬಿಟ್ಟು ಬಂದ ಹೆಸರು

ಕಳೆದ ಭಾನುವಾರ ಬೆಳಿಗ್ಗೆ, ತುಮಕೂರು ಬಸ್ ಸ್ಟ್ಯಾಂಡಿನಲ್ಲಿ, ಅಷ್ಟೂ ಜನರ ಎದುರಿಗೆ ನಾನು ನನ್ನ ಗಂಡನ ಹೆಸರು ಹಿಡಿದು ಕೂಗಿದೆ.

ಜಗಳಕ್ಕಲ್ಲ. ಬಸ್ಸು ಹೊರಟುಬಿಟ್ಟಿತ್ತು, ಅದಕ್ಕೆ.

ಆದದ್ದು ಇಷ್ಟು. ಕುಣಿಗಲ್ಲಿನಲ್ಲಿ ಇವರ ಸೋದರಮಾವನ ಮೊಮ್ಮಗುವಿಗೆ ನಾಮಕರಣ ಇತ್ತು. ಆ ಮಾವನವರು ಹಿಂದಿನ ದಿನವೇ ಸಾಮಾನು ಕೊಳ್ಳಲು ತುಮಕೂರಿಗೆ ಬಂದು ನಮ್ಮ ಮನೆಯಲ್ಲೇ ಉಳಿದಿದ್ದರು. ಗುಬ್ಬಿಯಲ್ಲಿರುವ ನಮ್ಮ ಅತ್ತೆಯವರು ಮಂಡಿನೋವು ಅಂತ ಬರಲಿಲ್ಲ, ರಜೆಗೆ ಹೋಗಿದ್ದ ಮಗಳು ಸುಮಳೂ ಅಜ್ಜಿಯ ಹತ್ತಿರವೇ ಉಳಿದಳು. ಹಾಗಾಗಿ ಮೂವರೇ ಹೊರಟೆವು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಮಾವನವರಿಗೆ ತೊಟ್ಟಿಲಿಗೆ ಹೂವು ತಗೊಂಡಿಲ್ಲ ಅನ್ನುವುದು ನೆನಪಾಯಿತು. (ಕುಣಿಗಲ್ಲಿನಲ್ಲಿ ಹೂವು ಸಿಗುವುದಿಲ್ಲವೇ? ಸಿಗುತ್ತೆ. ಆದರೆ ಮಾವನವರಿಗೆ ತುಮಕೂರಿನ ಹೂವೇ ಆಗಬೇಕು.) ಗಂಡಸರಿಬ್ಬರೂ ಸೀಟು ಹಿಡಿಯಲು ಬಸ್ಸು ಹತ್ತಿದರು. ನಾನು ಹೂವಿಗೆ ಓಡಿದೆ.

ಹೂವಿನವಳು ಮೊಳ ಹಾಕಿ ಮುಗಿಸುವಷ್ಟರಲ್ಲಿ ಕುಣಿಗಲ್ ಬಸ್ಸು ಸ್ಟಾರ್ಟ್ ಆಗಿ, ರಿವರ್ಸ್ ತಗೊಂಡು, ಗೇಟಿನ ಕಡೆಗೆ ತಿರುಗಿಯೇ ಬಿಟ್ಟಿತು. ನಾನು ಮುಂದಿನ ಬಾಗಿಲಿನಿಂದ ಹೆಂಗಸರ ಜೊತೆ ಹತ್ತಿರುತ್ತೇನೆ ಅಂತ ಇವರ ಲೆಕ್ಕಾಚಾರ. ಸೀಟು ಸಿಗದೆ ಹಿಂದಿನ ಬಾಗಿಲಿನ ಫುಟ್‌ಬೋರ್ಡಿನ ಮೇಲೆ ಕಂಬಿ ಹಿಡಿದು ನಿಂತಿದ್ದರು. ಬೆನ್ನು ನನ್ನ ಕಡೆಗಿತ್ತು.

"ರೀ!" ಅಂದೆ. ಒಂದಷ್ಟು ಜನ ಗಂಡಸರು ತಿರುಗಿ ನೋಡಿದರು. ಎಲ್ಲರೂ ಬೇರೆಯವರ ಗಂಡಂದಿರು.

"ಏನೂಂದ್ರೇ! ನೋಡಿ ಇಲ್ಲಿ!" ಅಂದೆ. ಇನ್ನಷ್ಟು ಜನ ನೋಡಿದರು. ಬಸ್ಸು ಗೇಟಿನ ಹತ್ತಿರಕ್ಕೆ ಹೋಗಿತ್ತು. ಕೈಯಲ್ಲಿ ಹೂವಿನ ಪೊಟ್ಟಣ, ಬಗಲಲ್ಲಿ ಬ್ಯಾಗು, ಸೀರೆ ನೆರಿಗೆ ಎತ್ತಿ ಹಿಡಿದುಕೊಂಡು ಓಡಿದೆ. ಆಮೇಲೆ ಅದು ತಾನಾಗಿಯೇ ಬಾಯಿಂದ ಬಂತು.

"ರುದ್ರೇಶ್!"

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಕಡಲೆಕಾಯಿ ಮಾರುವವನು ಕೂಗುವುದನ್ನು ಬಿಟ್ಟು ನನ್ನನ್ನೇ ನೋಡಿದ. ಕಿಟಕಿಗಳಿಂದ ತಲೆಗಳು ಹೊರಬಂದವು. ಮಾವನವರ ತಲೆಯೂ ಅದರಲ್ಲಿತ್ತು.

ತಿರುಗದೇ ಇದ್ದವರು ಇವರೊಬ್ಬರೇ.

ಕೇಳಿಸಲಿಲ್ಲವೇ? ಮುಂದೆ ಕೂತ ಡ್ರೈವರಿಗೆ ಕೇಳಿಸಿತ್ತು. ನಾನು ಫುಟ್‌ಬೋರ್ಡಿನ ಹತ್ತಿರ ಬಂದಾಗ ಇವರ ಕಿವಿ ಕೆಂಪಗಾಗಿದ್ದು ಕಂಡಿತು. ನಾನು ಹತ್ತಲು ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಮುಖ ಮಾತ್ರ ಆ ಕಡೆಗೇ ಇತ್ತು. ಮಾವನವರು ಸೀಟಿನಿಂದಲೇ ಇಡೀ ಬಸ್ಸಿಗೆ ಕೇಳುವ ಹಾಗೆ, "ಏನ್ಲಾ ರುದ್ರೇಶ, ಎಂಡ್ರುನ್ನ ಫಾರಿನ್ನಿಗೆ ಕರ್ಕಂಡೋಗಿದ್ದಕ್ಕೆ ಇದೇ ಏನ್ಲಾ ಕಲ್ತು ಬಂದಿದ್ದು?" ಅಂದರು. ಜನ ನಕ್ಕರು. ಇವರೂ ನಕ್ಕರು. ನಕ್ಕು ಹೇಳಿದರು: "ಅಲ್ಲಿಂದ ಬಂದ್ಮೇಲೆ ಇವ್ಳಿಗೆ ಸ್ವಲ್ಪ ತಲೆ ಕೆಟ್ಟದೆ ಬುಡಿ ಮಾವ."

ಕುಣಿಗಲ್‌ವರೆಗೂ ನಾನು ಹೂವಿನ ಪೊಟ್ಟಣ ಹಿಡಿದುಕೊಂಡು ನಿಂತಿದ್ದೆ. ಇವರಿಗೂ ನನಗೂ ನಡುವೆ ಯಾರದೋ ಕೊಬ್ಬರಿ ಮೂಟೆ ಇತ್ತು.

ಇಷ್ಟಕ್ಕೇ ಒಂದು ಅಂಕಣವಾ ಅನ್ನಬೇಡಿ. ಆ ಮಾತು ನನ್ನನ್ನು ಯಾಕೆ ಅಷ್ಟು ಚುಚ್ಚಿತು ಅನ್ನುವುದನ್ನು ಹೇಳಬೇಕಾದರೆ ಮತ್ತೆ ಸ್ಪೇನಿಗೆ ಹೋಗಬೇಕು. ಈ ಅಂಕಣದ ಹಳೆಯ ಓದುಗರಿಗೆ ನಮ್ಮ ಸ್ಪೇನ್ ಪ್ರಯಾಣ ಗೊತ್ತು. ಎಂಬತ್ತಮೂರನೇ ಇಸವಿಯಲ್ಲಿ ಅಲ್ಲಿಯ ಬ್ರೆಡ್ಡು, ಅಲ್ಲಿಯ ಬಿಸಿಲು, ಅಲ್ಲಿಯವರ ಮಧ್ಯಾಹ್ನದ ನಿದ್ದೆ ಅಂತ ವಾರಗಟ್ಟಲೆ ಬರೆದು ನಿಮ್ಮ ತಲೆ ತಿಂದಿದ್ದೆ. ಈ ಸಂಗತಿಯನ್ನು ಮಾತ್ರ ಬರೆದಿರಲಿಲ್ಲ. ಇದು ನಮ್ಮಿಬ್ಬರದು, ಇಟ್ಟುಕೊಳ್ಳೋಣ ಅಂದುಕೊಂಡಿದ್ದೆ.

ನಾವೇನು ಫಾರಿನ್ನಿಗೆ ಹೋಗುವ ಕುಳಗಳಲ್ಲ. ಇವರು ಅಂತರಸನಹಳ್ಳಿಯ ಒಂದು ಎಣ್ಣೆ ಮಿಲ್ಲಿನಲ್ಲಿ ಮಿಷನ್ ನೋಡಿಕೊಳ್ಳುವ ಇಂಜಿನಿಯರು. ಬೆಳ್ಳಾವಿ ಕಡೆಯ ಸಾಹುಕಾರರ ಮಿಲ್ಲು ಅದು. ಸ್ಪೇನಿನಲ್ಲಿ ಆಲಿವ್ ಅಂತ ಒಂದು ಕಾಯಿ ಬೆಳೆಯುತ್ತಾರೆ, ಅದನ್ನು ಹಿಂಡುವ ಮಿಷನ್ನಿನಲ್ಲಿ ಕೊಬ್ಬರಿ ಹಿಂಡಿದರೆ ಒಂದು ತೊಟ್ಟು ಎಣ್ಣೆಯೂ ಹಿಂಡಿಯಲ್ಲಿ ಉಳಿಯುವುದಿಲ್ಲ ಅಂತ ಸಾಹುಕಾರರಿಗೆ ಯಾರೋ ತಲೆಗೆ ತುಂಬಿದರು. ಇಂಪೋರ್ಟ್ ಲೈಸೆನ್ಸಿಗೆ ಅಲೆದೂ ಅಲೆದೂ ಕೊನೆಗೆ ಮಿಷನ್ ಬುಕ್ ಆಯಿತು. ಆದರೆ ಮಿಷನ್ ಮಾಡುವ ಆ ಸಣ್ಣ ಊರಿನಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. 'ಕಲಿಯಲು ಬರುವವರು ಮೊದಲು ನಮ್ಮ ಭಾಷೆ ಕಲಿಯಲಿ, ಊರಿನಲ್ಲೇ ಒಬ್ಬ ಟೀಚರಮ್ಮ ಇದ್ದಾರೆ, ಅವರ ಮನೆಯಲ್ಲೇ ಇರಬಹುದು, ಸಂಸಾರ ಇದ್ದರೂ ಪರವಾಗಿಲ್ಲ' ಅಂತ ಅಲ್ಲಿಂದ ಹೇಳಿಕಳಿಸಿದರು. ಸಂಸಾರ ಇದ್ದರೂ ಪರವಾಗಿಲ್ಲ ಅನ್ನುವ ಒಂದೇ ಮಾತು ಸಾಕಾಯಿತು ನನಗೆ. ಮಗಳಿಗೆ ಆಗ ಆರು ವರ್ಷ. ಹಠ ಮಾಡಿದೆ. ನನ್ನ ಮತ್ತು ಮಗಳ ಟಿಕೆಟ್ಟಿಗೆ ನಮ್ಮಪ್ಪ ಸೈಟು ಮಾರಿದರು. ಅದರ ಕಥೆ ಈಗ ಬೇಡ.

ಟೀಚರಮ್ಮನ ಹೆಸರು ಪಿಲಾರ್. ವಿಧವೆ, ಅರವತ್ತರ ಹತ್ತಿರ ವಯಸ್ಸು, ಗಟ್ಟಿ ದನಿ. ಸುಣ್ಣ ಬಳಿದ ಮನೆ, ನಡುವೆ ಅಂಗಳ, ಮೇಲೆ ತಾರಸಿ. ಮನೆಯೇ ಸ್ಕೂಲು. ಮೊದಲ ದಿನವೇ ರೂಲ್ ಹೇಳಿದರು: ಈ ಬಾಗಿಲಿನ ಒಳಗೆ ನಿಮ್ಮ ಭಾಷೆ ಇಲ್ಲ. ಗಂಡ ಹೆಂಡತಿ ಮಧ್ಯೆ ಕೂಡ ಇಲ್ಲ. ಒಂದು ಮಾತು ಆಡಿದರೂ ಅವತ್ತಿನ ಪಾತ್ರೆ ಅವರದು.

ಗುಬ್ಬಿಯ ಮನೆಯಲ್ಲಿ ಹುಟ್ಟಿದಾಗಿನಿಂದ ಉಂಡ ತಟ್ಟೆಯನ್ನು ಮುಟ್ಟದೆ ಎದ್ದು ಹೋಗಿ ಅಭ್ಯಾಸವಿದ್ದ ರುದ್ರೇಶ್, ಮೊದಲ ವಾರವೆಲ್ಲ ಪಾತ್ರೆ ತೊಳೆದರು. (ಸ್ಪೇನಿನ ಭಾಗ ಮುಗಿಯುವವರೆಗೆ ಹೆಸರು ಹಿಡಿದೇ ಬರೆಯುತ್ತೇನೆ. ಹಿರಿಯರು ಕ್ಷಮಿಸಬೇಕು. ಬರೆದರೆ ದೋಷವಿಲ್ಲವಂತೆ, ರೇಷನ್ ಕಾರ್ಡಿನಲ್ಲಿ ಬರೆದಿಲ್ಲವೇ?) ಬೇಕೆಂದೇ ಪಾತ್ರೆ ತೊಳೆದದ್ದಲ್ಲ. ಸಿಟ್ಟು ಬಂದರೆ ಕನ್ನಡವೇ ಬರುತ್ತಿತ್ತು, ಏನು ಮಾಡುತ್ತಾರೆ ಪಾಪ.

ನನ್ನ ಕಷ್ಟ ಬೇರೆ ಇತ್ತು. ಮೂರನೆಯದೋ ನಾಲ್ಕನೆಯದೋ ಪಾಠದಲ್ಲಿ ಪಿಲಾರ್ ಕೇಳಿದರು, ನಿನ್ನ ಗಂಡನನ್ನು ನೀನು ಏನಂತ ಕರೀತೀಯ?

ಏನೂ ಕರೆಯುವುದಿಲ್ಲ ಅಂದೆ. ('ರೀ' ಅಂದರೆ ಯಾರ ಗಂಡ ಬೇಕಾದರೂ ತಿರುಗುತ್ತಾನೆ, ಅದು ಲೆಕ್ಕಕ್ಕಿಲ್ಲ.)

ಅವರಿಗೆ ಅರ್ಥವಾಗಲಿಲ್ಲ. ನನ್ನ ಸ್ಪ್ಯಾನಿಷ್ ತಪ್ಪಿರಬೇಕು ಅಂದುಕೊಂಡು ಇನ್ನೊಮ್ಮೆ ನಿಧಾನವಾಗಿ ಕೇಳಿದರು. ನಾನೂ ಇನ್ನೊಮ್ಮೆ ನಿಧಾನವಾಗಿ ಹೇಳಿದೆ. ಕರೆಯುವುದಿಲ್ಲ. ಹತ್ತಿರವಿದ್ದರೆ ಕೆಮ್ಮುತ್ತೇನೆ. ಒಳಗಿದ್ದರೆ ಬಳೆ ಆಡಿಸುತ್ತೇನೆ. ದೂರವಿದ್ದರೆ ಮಗಳನ್ನು ಕಳಿಸುತ್ತೇನೆ. ಮಗಳು ಹುಟ್ಟುವ ಮುಂಚೆ? ಹತ್ತಿರ ಬರುವವರೆಗೆ ಕಾಯುತ್ತಿದ್ದೆ. ಅಷ್ಟು ಹೇಳಲು ನನಗೆ ಬಾರದ ಪದಗಳನ್ನೆಲ್ಲ ನಟಿಸಿ ತೋರಿಸಿದೆ. ಪಿಲಾರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ರುದ್ರೇಶ್ ಕೂಡ ನಕ್ಕರು. ಇದರಲ್ಲಿ ನಗುವಂಥದ್ದು ಏನಿದೆ ಅಂತ ಅವರಿಗೆ ಅವತ್ತೇ ಮೊದಲು ಹೊಳೆದಿರಬೇಕು.

ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಮದುವೆಯ ದಿನ ಗುಬ್ಬಿಯ ಮನೆಯ ಹೊಸ್ತಿಲಲ್ಲಿ ನಾದಿನಿಯರು ಬಾಗಿಲು ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಅಂತ ಕಾಡಿದ್ದರು. ತಲೆ ತಗ್ಗಿಸಿ ಹೇಳಿದ್ದೆ. ಎಲ್ಲರೂ ಓಹೋ ಅಂದಿದ್ದರು. ಅಷ್ಟೇ. ಒಂದು ಸಲ ಬಲವಂತದಿಂದ ಹೇಳಿಸಿ, ಅದರ ಮೇಲೆ ಜನ್ಮಪೂರ್ತಿ ಬೀಗ. ಹೇಳಿದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದಂತೆ. ನನ್ನ ಹೆಸರನ್ನು ಮಾತ್ರ ಅವರು ಬೀದಿಯ ಕೊನೆಯಿಂದ "ಗಿರಿಜಾ" ಅಂತ ಕೂಗಬಹುದು. ನನ್ನ ಆಯುಸ್ಸು ಏನು ಗಟ್ಟಿಮುಟ್ಟೋ ಕಾಣೆ.

ಪಿಲಾರ್ ನಗು ನಿಲ್ಲಿಸಿ ಟೀಚರಾದರು. ನನ್ನನ್ನು ಬೀದಿಯ ಈ ತುದಿಯಲ್ಲಿ ನಿಲ್ಲಿಸಿ ರುದ್ರೇಶರನ್ನು ಆ ತುದಿಗೆ ಕಳಿಸಿದರು. ಕರಿ, ಅಂದರು. ಕಿಟಕಿಗಳಲ್ಲಿ ಅಕ್ಕಪಕ್ಕದ ಹೆಂಗಸರು. ನಾನು ಬಾಯಿ ತೆರೆದೆ, ಮುಚ್ಚಿದೆ. ಕೆಮ್ಮಿದೆ ಕೂಡ! ಅವತ್ತು ಆಗಲಿಲ್ಲ. ಮರುದಿನವೂ ಆಗಲಿಲ್ಲ. ಕೊನೆಗೆ ಅದು ಆದದ್ದು ಸಂತೆಯಲ್ಲಿ. ಊರ ಚೌಕದಲ್ಲಿ ವಾರಕ್ಕೊಮ್ಮೆ ಸಂತೆ ಸೇರುತ್ತಿತ್ತು. ಕರಬೂಜದ ರಾಶಿ ನೋಡುತ್ತಾ ನಿಂತವಳು ತಲೆ ಎತ್ತಿದರೆ ಇವರು ಕಾಣುತ್ತಿಲ್ಲ. ಮಗಳ ಕೈ ಹಿಡಿದುಕೊಂಡು ಗಾಬರಿಯಿಂದ ಸುತ್ತಲೂ ನೋಡಿದೆ. ಎಲ್ಲ ಬೇರೆ ಮುಖಗಳು, ಬೇರೆ ಭಾಷೆ. ಯಾರನ್ನು ಕಳಿಸಲಿ, ಯಾವ ಬಳೆ ಆಡಿಸಲಿ?

ರುದ್ರೇಶ್, ಅಂತ ಕೂಗಿದೆ.

ಜನರ ನಡುವೆ ಒಂದು ತಲೆ ತಿರುಗಿತು. ನನ್ನ ಗಂಡ ಅಷ್ಟು ಅಗಲಕ್ಕೆ ನಕ್ಕದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ಕೈಯಲ್ಲಿದ್ದ ಕರಬೂಜವನ್ನು ತಲೆಯ ಮೇಲೆ ಎತ್ತಿ ತೋರಿಸಿದರು. ಆಯುಸ್ಸು ಕಮ್ಮಿಯಾದಂತೇನೂ ಕಾಣಲಿಲ್ಲ.

ಆಮೇಲೆ ನನಗೆ ಅದೊಂದು ಚಟವೇ ಆಯಿತು. ಅಂಗಳದಿಂದ ಕರೆಯುತ್ತಿದ್ದೆ, ತಾರಸಿಯಿಂದ ಕರೆಯುತ್ತಿದ್ದೆ. ಏನು, ಅನ್ನುತ್ತಿದ್ದರು. ಏನಿಲ್ಲ, ಅನ್ನುತ್ತಿದ್ದೆ. ಸಿಟ್ಟಾಗುತ್ತಿರಲಿಲ್ಲ. ಕೆಲವು ಸಲ, ಏನಿಲ್ಲ ಅನ್ನೋದಕ್ಕೆ ಅಂತಲೇ ಬಂದು ಎದುರಿಗೆ ನಿಲ್ಲುತ್ತಿದ್ದರು.

ಇನ್ನೊಂದು ಸಂಗತಿ ಇದೆ. ಭಾಷೆ ಕಲಿಯುವವರಿಗೆ ಮೊದಮೊದಲು ಎಷ್ಟು ಪದ ಬರುತ್ತದೆ ಹೇಳಿ? ಹಸಿವು, ಸುಸ್ತು, ಇಷ್ಟ, ಭಯ, ನಿನಗೆ, ನನಗೆ. ಇಷ್ಟರಲ್ಲಿ ಕೊಂಕು ಮಾತಾಡಲು ಬರುವುದಿಲ್ಲ. 'ನಿಮ್ಮಪ್ಪನ ಮನೆ ಕಡೆಯವರು' ಅಂತ ಶುರು ಮಾಡಲು ಬರುವುದಿಲ್ಲ. ಕೂತಲ್ಲಿಂದಲೇ ಒಂದು ಲೋಟ ನೀರು ಅಂತ ಗದರುವುದಕ್ಕೂ ಒಂದು ಧಾಟಿ ಬೇಕಲ್ಲ, ಆ ಧಾಟಿಯೂ ಪಾಠದಲ್ಲಿ ಇರಲಿಲ್ಲ. ಇದ್ದದ್ದು 'ನಿನಗೆ ಏನು ಇಷ್ಟ?' ಅನ್ನುವ ಪಾಠ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನನ್ನ ಗಂಡ ನನ್ನನ್ನು ಆ ಪ್ರಶ್ನೆ ಕೇಳಿದ್ದು ಹೋಂವರ್ಕಿಗಾಗಿ. ಕಿಟಕಿ ತೆರೆದು ಮಲಗುವುದು ಇಷ್ಟ ಅಂದೆ. ಬಿ.ಎಡ್ ಓದುವುದು ಇಷ್ಟ ಅಂದೆ. ಅವರು ಪೆನ್ನು ಕೆಳಗಿಟ್ಟು, ಹೌದಾ, ಅಂದರು.

ಒಂದು ಸಂಜೆ ತಾರಸಿಯ ಮೇಲೆ, ಭಯ ಅನ್ನುವ ಪದದ ಪಾಠ ಅಭ್ಯಾಸ ಮಾಡುತ್ತಾ, ನನಗೆ ನೀರು ಅಂದರೆ ಭಯ ಅಂದರು ರುದ್ರೇಶ್. ಚಿಕ್ಕವರಿದ್ದಾಗ ಗುಬ್ಬಿ ಹತ್ತಿರದ ಕಡಬದ ಕೆರೆಯಲ್ಲಿ ಈಜು ಕಲಿಸುತ್ತೇನೆಂದು ಅವರಪ್ಪ ಎತ್ತಿ ಹಾಕಿದ್ದರಂತೆ. ಮುಳುಗಿದ್ದರಂತೆ. ಮೇಲೆ ಬಂದಾಗ ಅತ್ತಿದ್ದಕ್ಕೆ ಇನ್ನೊಂದು ಸಲ ಹಾಕಿದ್ದರಂತೆ. ಇದನ್ನೆಲ್ಲ ಹರಕು ಮುರುಕು ಸ್ಪ್ಯಾನಿಷ್‌ನಲ್ಲಿ, ಕ್ರಿಯಾಪದಗಳನ್ನೆಲ್ಲ ತಪ್ಪಾಗಿ ಹೇಳುತ್ತಾ ಹೇಳಿದರು. ಕಡಬದ ಜಾತ್ರೆಗೂ ನಮ್ಮನ್ನು ಯಾಕೆ ಕರೆದುಕೊಂಡು ಹೋಗುವುದಿಲ್ಲ ಅಂತ ನಾನು ಎಷ್ಟು ಸಲ ಜಗಳವಾಡಿದ್ದೆ! ಒಂದು ಸಲವೂ ಹೇಳಿರಲಿಲ್ಲ. ಕನ್ನಡದಲ್ಲಿ ಅವರಿಗೆ ಬೇಕಾದಷ್ಟು ಪದಗಳಿದ್ದವು. ಹೇಳದೆ ತಪ್ಪಿಸಿಕೊಳ್ಳುವುದಕ್ಕೂ ಬೇಕಾದಷ್ಟಿದ್ದವು.

ಅವತ್ತು ನಾನು ಅವರ ಹೆಸರು ಹೇಳಿದೆ. ಕೂಗಲಿಲ್ಲ, ಸುಮ್ಮನೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು.

ಎರಡು ತಿಂಗಳಿಗೆ ಸ್ವಲ್ಪ ಜಾಸ್ತಿ ಇದ್ದೆವು. ಮಿಷನ್ ಕಲಿತದ್ದೂ ಆಯಿತು. ಹೊರಡುವಾಗ ಪಿಲಾರ್ ನನ್ನನ್ನು ಅಪ್ಪಿಕೊಂಡು, ಮನೆಯಲ್ಲೂ ಮಾತಾಡುತ್ತಾ ಇರಿ, ಇಲ್ಲದಿದ್ದರೆ ಮರೆತುಹೋಗುತ್ತದೆ ಅಂದರು. ಅವರು ಹೇಳಿದ್ದು ಭಾಷೆಯ ವಿಷಯ.

ಬೊಂಬಾಯಿಯ ಏರ್‌ಪೋರ್ಟಿನಲ್ಲಿ ಹೆಸರು ಹಿಡಿದೇ ಕರೆದೆ, ತಿರುಗಿದರು. ಬೆಂಗಳೂರಿನ ಸ್ಟೇಷನ್ನಿನಲ್ಲಿ ಕರೆದೆ, ತಿರುಗಿದರು, ಆದರೆ ಸುತ್ತ ಒಮ್ಮೆ ಕಣ್ಣಾಡಿಸಿದರು. ತುಮಕೂರಿನ ಬಸ್ಸು ಡಾಬಸ್‌ಪೇಟೆ ದಾಟುವಾಗ, ಕಿಟಕಿಯ ಹೊರಗೆ ನೋಡುತ್ತಾ ಕನ್ನಡದಲ್ಲಿ ಹೇಳಿದರು:

"ಗುಬ್ಬೀಲಿ ಮಾತ್ರ ಹಂಗೆ ಕರೀಬೇಡ ಕಣೇ. ಅಮ್ಮ ನೊಂದ್ಕೋತಾಳೆ."

ಸರಿ ಅಂದೆ. ನ್ಯಾಯವಾದ ಮಾತೇ. ಅತ್ತೆಯವರು ಹಳೇ ಕಾಲದವರು. ಗುಬ್ಬಿಯಲ್ಲಿ ಬೇಡ.

ಆಮೇಲೆ ತುಮಕೂರಿನಲ್ಲೂ ಬೇಡವಾಯಿತು, ಯಾಕೆಂದರೆ ಕೆಳಗಡೆ ಓನರ್ ಇದ್ದಾರೆ. ರಸ್ತೆಯಲ್ಲಿ ಬೇಡ, ಮಿಲ್ಲಿನವರು ಓಡಾಡುತ್ತಾರೆ. ಮನೆಯ ಒಳಗೆ? ಮಗಳು ಕಲಿತು ಅಜ್ಜಿಯ ಮುಂದೆ ಅಂದುಬಿಟ್ಟರೆ? ಹೀಗೆ ಒಂದೊಂದೇ ಬಾಗಿಲು ಮುಚ್ಚಿತು. ಯಾರೂ ಜಗಳವಾಡಲಿಲ್ಲ, ಯಾರೂ ಬೈಯಲಿಲ್ಲ. ಒಂದು ದಿನ ನೋಡಿದರೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ.

ಸ್ಪ್ಯಾನಿಷ್ ಏನಾಯಿತು ಅಂತೀರಾ? ಅದಕ್ಕೇನೂ ಬರ ಇರಲಿಲ್ಲ. ನೆಂಟರು ಬಂದರೆ, ಸಾಹುಕಾರರ ಗೆಳೆಯರು ಮಿಲ್ಲಿಗೆ ಬಂದರೆ, "ಅಲ್ಲಿ ಭಾಷೇಲಿ ಒಂದೆರಡು ಮಾತಾಡಿ ಇಂಜಿನಿಯರೇ" ಅನ್ನುತ್ತಿದ್ದರು. ಇವರು ನಮಸ್ಕಾರ, ಹೇಗಿದ್ದೀರಿ, ನನಗೆ ಎರಡು ಕರಬೂಜ ಬೇಕು ಅಂತ ಸ್ಪ್ಯಾನಿಷ್‌ನಲ್ಲಿ ಒಪ್ಪಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಜೊತೆ ಮಾತ್ರ ಆ ಭಾಷೆ ಬಂದ್ ಆಯಿತು. ಹಾಗೆಂದು ಇವರು ಕೆಟ್ಟವರಾದರು ಅನ್ನುತ್ತಿಲ್ಲ. ಸಂಬಳ ತರುತ್ತಾರೆ, ಮಗಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಾರೆ, ನನಗೆ ಜ್ವರ ಬಂದರೆ ಡಾಕ್ಟರ್ ಹತ್ತಿರ ಓಡುತ್ತಾರೆ. ಹಿಂದೆಯೂ ಹಾಗೇ ಇದ್ದರು. ಆದರೆ ಆ ತಾರಸಿಯ ಮೇಲೆ ಕೈ ಹಿಡಿದುಕೊಂಡು ಕೂತಿದ್ದವರು ಎಲ್ಲಿ ಹೋದರು? ಅಂಥ ಒಬ್ಬರು ಇವರೊಳಗೆ ಇದ್ದಾರೆ ಅಂತ ಗೊತ್ತಾಗದೇ ಇದ್ದಿದ್ದರೆ ನಾನು ಸುಖವಾಗಿ ಇರುತ್ತಿದ್ದೆನೋ ಏನೋ. ಫಾರಿನ್ನಿಗೆ ಹೋಗಬಾರದಿತ್ತು ಅಂತ ಒಂದೊಂದು ದಿನ ಅನಿಸುತ್ತದೆ.

ಮೂರು ವರ್ಷ ಹೀಗೇ ನಡೆಯಿತು. ಈಗ ಭಾನುವಾರಕ್ಕೆ ಬರುತ್ತೇನೆ.

ಕುಣಿಗಲ್ಲಿನ ನಾಮಕರಣದ ಮನೆಗೆ ನಮಗಿಂತ ಮುಂಚೆ ಸುದ್ದಿ ಹೋಗಿತ್ತೋ, ಮಾವನವರೇ ಬಾಗಿಲಲ್ಲಿ ಊದಿದರೋ, ಗೊತ್ತಿಲ್ಲ. ಹೆಂಗಸರ ಕೋಣೆಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತವರೊಬ್ಬರು, "ಏನಮ್ಮಾ ಸ್ಪೇನು, ಬಸ್‌ಸ್ಟ್ಯಾಂಡಲ್ಲಿ ಗಂಡನ್ನ ಹೆಸರಿಡಿದು ಕರೆದ್ಯಂತೆ?" ಅಂದರು. ನಾನೂ ನಕ್ಕು ಏನೋ ಹೇಳಿದೆ. ಒಳಗೆ ತೊಟ್ಟಿಲ ಹತ್ತಿರ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ಎಲ್ಲರೂ ಮಗುವನ್ನು ಆ ಹೆಸರು ಹಿಡಿದು ಕೂಗಿ ಸಂಭ್ರಮಪಟ್ಟರು. ಗಂಡುಮಗು. ಇಷ್ಟು ಪ್ರೀತಿಯಿಂದ ಇಟ್ಟ ಹೆಸರನ್ನು ಮುಂದೆ ಒಬ್ಬಳು ಬಂದು ಬಾಯಿ ಬಿಟ್ಟು ಹೇಳಬಾರದು ಅಂತಲೂ ಈ ಜನರೇ ಹೇಳುತ್ತಾರಲ್ಲ ಅಂತ ಯೋಚಿಸುತ್ತಾ ಹೋಳಿಗೆ ಊಟ ಮಾಡಿದೆ. (ಹೋಳಿಗೆ ಚೆನ್ನಾಗಿತ್ತು. ಸುಳ್ಳು ಹೇಳಬಾರದು.)

ಸೋಮವಾರ ಮಗಳನ್ನು ಕರೆತರಲು ಗುಬ್ಬಿಗೆ ಹೋದೆವು. ಅತ್ತೆಗೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಅಲ್ಲಿ ಅತ್ತೆಯವರು ದೊಡ್ಡ ಮಗ ಸೊಸೆ ಮೊಮ್ಮಕ್ಕಳ ಜೊತೆ ಇದ್ದಾರೆ. ನಮ್ಮ ಮಾವನವರು, ಅಂದರೆ ಇವರ ತಂದೆ, ಸ್ಕೂಲ್ ಮೇಷ್ಟರಾಗಿದ್ದವರು, ತೀರಿಕೊಂಡು ಕೆಲವು ವರ್ಷವಾಯಿತು. ಅತ್ತೆ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಹೋಗಿ ಎದುರಿಗೆ ಕೂತು ಸುಲಿಯತೊಡಗಿದೆ. ಇವರು ಹೊರಗೆ ಜಗಲಿಯ ಮೇಲೆ ಪೇಪರ್ ಹಿಡಿದು ಕೂತರು.

"ನಮ್ಮ ತಮ್ಮ ಬಸ್ಸಿನ ಡ್ರೈವರ್ ಕೈಲಿ ಹೇಳಿ ಕಳ್ಸವ್ನೆ ಕಣವ್ವ," ಅಂದರು ಅತ್ತೆ. ಕುಣಿಗಲ್ ಮಾವನವರು ಅತ್ತೆಯ ಖಾಸಾ ತಮ್ಮ. ಸುದ್ದಿ ತಲುಪಿಸದೆ ಬಿಟ್ಟಾರೆಯೇ?

"ತಪ್ಪಾಯ್ತು ಅತ್ತೆ. ಬಸ್ಸು ಹೊರಟೋಗ್ತಿತ್ತು," ಅಂದೆ.

ಅವರು ತಲೆ ಎತ್ತಲಿಲ್ಲ. ಕಾಯಿ ಸುಲಿಯುತ್ತಲೇ ಹೇಳಿದರು. "ನಿಮ್ಮಾವ ತೀರ್ಕಂಡ್ಮೇಲೆ ನನ್ನ ಪಿಂಚಣಿ ಆಫೀಸ್ಗೆ ಕರ್ಕಂಡೋಗಿದ್ರು. ಅಲ್ಲಿ ಕುಂತಿದ್ದೋನು, ಯಜಮಾನ್ರ ಹೆಸರೇನಮ್ಮಾ ಅಂದ. ಹಸೆ ಮ್ಯಾಲೆ ಒಂದ್ಸಲ ಹೇಳಿದ್ನೇನೋ, ಆಮ್ಯಾಕೆ ಇಲ್ಲ. ಸುಮ್ನೆ ಕುಂತೆ. ಹೇಳಮ್ಮಾ ಅಂತ ಗದರ್ದ. ಹೇಳ್ದೆ. ಅವ್ನಿಗೆ ಕೇಳಿಸ್ಲಿಲ್ಲ, ಜೋರಾಗಿ ಹೇಳು ಅಂದ. ಜೋರಾಗಿ ಹೇಳ್ದೆ."

ಸುಲಿದ ಕಾಳನ್ನು ಮೊರಕ್ಕೆ ಹಾಕಿದರು.

"ಎಷ್ಟು ಚೆಂದಾಗಿತ್ತು ಕಣವ್ವ ಹೇಳೋಕೆ. ಇರೋವಾಗ ಒಂದ್ಸಲ ಕೂಗಿದ್ರೆ ಆ ವಯ್ಯ ಹೆಂಗ್ ತಿರುಗಿ ನೋಡ್ತಿದ್ರೋ ಏನೋ. ಯಾವನೋ ಗುಮಾಸ್ತನ ಮುಂದೆ ಹೇಳ್ದಂಗಾಯ್ತು."

ನನಗೆ ಅಳು ಬಂತು. ಅತ್ತೆ ನೊಂದುಕೊಳ್ಳುತ್ತಾರೆ ಅಂತ ಅಲ್ಲವೇ ಮೊದಲ ಬಾಗಿಲು ಮುಚ್ಚಿದ್ದು? ಅವರನ್ನು ಯಾರು ಕೇಳಿದ್ದರು? ನಾನು ಕೇಳಲಿಲ್ಲ, ಇವರೂ ಕೇಳಲಿಲ್ಲ. ಅವರ ಹೆಸರಿನಲ್ಲಿ ನಾವೇ ಹೆದರಿಕೊಂಡು ಮೂರು ವರ್ಷ ಕಳೆದೆವು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಕಾಳು ಜಾಸ್ತಿ ಅವೆ, ಊರಿಗೆ ತಗಂಡೋಗು," ಅಂದರು. ಜಗಲಿಯ ಮೇಲೆ ಪೇಪರಿನ ಸದ್ದು ನಿಂತಿತ್ತು. ಕಿಟಕಿ ತೆರೆದೇ ಇತ್ತು, ಇವರಿಗೆ ಎಲ್ಲ ಕೇಳಿಸಿರಲೇಬೇಕು.

ತುಮಕೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ನನ್ನ ಪಕ್ಕದಲ್ಲೇ ಕೂತರು. ಸಾಮಾನ್ಯವಾಗಿ ಗಂಡಸರ ಕಡೆ ಹೋಗಿ ಕೂರುತ್ತಾರೆ. ಮಗಳು ಅಜ್ಜಿ ಹೇಳಿದ ಕಥೆಯನ್ನು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಇವರು ಹೂಂಗುಟ್ಟುತ್ತಿದ್ದರು, ಆದರೆ ಕೇಳುತ್ತಿರಲಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ಒಮ್ಮೆ ನನ್ನ ಕಡೆ ತಿರುಗಿ ಏನೋ ಹೇಳಲು ಹೋದರು. ಕಂಡಕ್ಟರ್ ಟಿಕೆಟ್ ಕೇಳಲು ಬಂದ, ಅದು ಅಲ್ಲಿಗೇ ನಿಂತಿತು.

ಮನೆಗೆ ಬಂದ ಮೇಲೆ ಮಗಳು ಆಟಕ್ಕೆ ಕೆಳಗೆ ಓಡಿದಳು. ನಾನು ಅಡುಗೆಮನೆಯಲ್ಲಿ ಅವರೆಕಾಳು ನೆನೆಹಾಕುತ್ತಿದ್ದೆ. ಹೊರಬಾಗಿಲಿನ ಚಿಲಕ ಹಾಕಿದ ಸದ್ದಾಯಿತು. ಆಮೇಲೆ ರಸ್ತೆ ಕಡೆಯ ಕಿಟಕಿ ಮುಚ್ಚಿದ ಸದ್ದು. ಇವರು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಭಾನುವಾರ ಫುಟ್‌ಬೋರ್ಡಿನ ಮೇಲೆ ಕಂಡಿದ್ದ ಹಾಗೆಯೇ ಕಿವಿ ಕೆಂಪಗಾಗಿತ್ತು.

"ನಿನ್ನೆ ನಂಗೆ ಕೇಳಿಸ್ತು ಕಣೇ," ಅಂದರು.

"ಗೊತ್ತು," ಅಂದೆ.

"ಮಾವ ಇದ್ರು... ಅಷ್ಟು ಜನ ಇದ್ರು... ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ." ಆಮೇಲೆ ದನಿ ಇನ್ನೂ ತಗ್ಗಿಸಿ, "ಈಗ ಕರಿ. ಅಲ್ಲಿ ಕರೀತಿದ್ದಂಗೇ ಕರಿ. ಯಾರೂ ಇಲ್ಲ," ಅಂದರು.

ಪಾಪ, ಮನಸಾರೆ ಹೇಳಿದರು. ನನಗೂ ಕರೆಯಬೇಕು ಅನಿಸಿತು. ಇಷ್ಟು ದಿನ ಕಾದಿದ್ದು ಇದಕ್ಕೇ ಅಲ್ಲವೇ? ಕೈ ಒರೆಸಿಕೊಂಡು ತಿರುಗಿದೆ. ಬಾಯಿ ತೆರೆದೆ. ಇವರು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದರು. ಬಾಗಿಲು ಹಾಕಿತ್ತು, ಕಿಟಕಿ ಹಾಕಿತ್ತು. ಹೆಸರು ಗಂಟಲವರೆಗೆ ಬಂದು ನಿಂತಿತು. ಎಷ್ಟು ಕಾದರೂ ಮುಂದಕ್ಕೆ ಬರಲಿಲ್ಲ. ಬೇರೆ ಮಾತೇ ಬಂತು.

"ಯಾರೂ ಇಲ್ದೆ ಇದ್ದಾಗ, ಎದುರಿಗೇ ನಿಂತಿರೋರ್ನ ಕರೆಯೋಕೆ ಹೆಸರು ಯಾಕ್ರೀ ಬೇಕು?"